ಮುಚ್ಚಳ ನೋಡಿ ಯಂತ್ರದ ಜಾತಕ

ಮೋಟಾರು ವಾಹನದ ಎಂಜಿನ್ನನ್ನು ಮುಚ್ಚುವ ತಗಡಿಗೆ ನಮ್ಮವರು ಬಾನೆಟ್ ಎನ್ನುತ್ತಾರೆ. ಅಮೆರಿಕದವರಿಗೆ ಅದೇ ಹುಡ್. ನಮ್ಮ ಪಾಲಿಗೆ ಅದು ಮಳೆ ಧೂಳುಗಳಿಂದ ಯಂತ್ರವನ್ನು ಕಾಯುವ ಮುಚ್ಚಳವಷ್ಟೆ. ಆ ದೇಶದ ‘ಮಸಲ್ ಕಾರು’ಗಳ, ಎಂದರೆ ಸಾಧಾರಣ ಕಾರಿನ ಒಡಲಿಗೆ ಭಾರಿ ಎಂಜಿನ್ ತುಂಬಿದ ವಾಹನಗಳ, ಅಭಿಮಾನಿಗಳಿಗಾದರೋ ಅದು ಜಾತಕ. ಬರಲಿರುವ ಕಾರಿನ ಬಾನೆಟ್ಟಿನ ಒಂದು ಮೂಲೆ ಚಿತ್ರದಲ್ಲಿ ಕಂಡರೆ ಸಾಕು, ಒಳಗಿನ ಯಂತ್ರದ ಬಲವನ್ನೂ ದಾಹವನ್ನೂ ಗುಣಿಸಿ ಭಾಗಿಸಿ ಹೇಳತೊಡಗುತ್ತಾರೆ.

ಇಂಥ ಊಹಾಪೋಹಗಳಿಗೆ 2017ನೆಯ ಇಸವಿಯ ಮೊದಲ ತಿಂಗಳುಗಳು ಸುಗ್ಗಿಯ ಕಾಲ. ಡಾಡ್ಜ್ ಕಂಪನಿಯು ತನ್ನ ‘ಚಾಲೆಂಜರ್ ಡೀಮನ್’ ಕಾರನ್ನು ಏಪ್ರಿಲ್ 11ರಂದು ನ್ಯೂಯಾರ್ಕಿನಲ್ಲಿ ಅನಾವರಣಗೊಳಿಸಿತು. ಅದಕ್ಕೆ ಮುನ್ನ ಜನವರಿಯಿಂದಲೇ ವಾರವಾರವೂ ತುಣುಕು ಚಿತ್ರಗಳನ್ನು ಹೊರಬಿಟ್ಟು, ನಂಬರು ಫಲಕಗಳಲ್ಲಿ ಅಂಕೆಗಳ ಒಗಟುಗಳನ್ನಡಗಿಸಿ, ಜನರನ್ನು ಕಾಡಿಸಿತು. ಬಾನೆಟ್ಟಿನ ನಡುವೆ ಗಾಳಿ ಸೇದುವ ಬಾಯಿಯೊಂದು ಕಾಣಿಸಿಕೊಂಡಿತು. ಅದರ ವಿಸ್ತೀರ್ಣ 45.2 ಚದರ ಅಂಗುಲವೆಂದೂ, ಮಾರಾಟಕ್ಕೆ ಬಂದ ಕಾರುಗಳಲ್ಲಿ ಅಷ್ಟು ದೊಡ್ಡದು ಬೇರಿಲ್ಲವೆಂದೂ ಕಂಪನಿ ಸಾರಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 12 ಸೆಂಟಿಮೀಟರ್ ಎತ್ತರ, 24 ಸೆಂಟಿಮೀಟರ್ ಅಗಲದ ಕಿಂಡಿಯಷ್ಟು.

ಬಾಯಿ ನಿಜವೋ ಸೋಗೋ ಎಂಬ ಸಂಶಯ ಈ ಅಭಿಮಾನಿಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು. ಈ ಸಂತತಿಯ ಮೂಲಪುರುಷನೆನಿಸಿದ 1964ರ ಪಾಂಟಿಯಾಕ್ ಜಿಟಿಒ ಕಾರಿನ ಬಾನೆಟ್ಟಿನ ಮೇಲಿದ್ದ ಬಾಯಿಗಳು ಬರಿಯ ಅಲಂಕಾರ. ಒಂದು ತೊಟ್ಟು ಗಾಳಿಯೂ ಒಳಹೋಗುತ್ತಿರಲಿಲ್ಲ! 1970ರ ಪ್ಲಿಮತ್ ರೋಡ್ ರನ್ನರಿನಲ್ಲಿ ಚಾಲಕನು ಗುಂಡಿಯೊತ್ತಿದರೆ ಬಾನೆಟ್ಟಿನಿಂದ ಬಾಯೊಂದು ಮೇಲೇಳುತ್ತಿತ್ತು, ಅದರ ಪಕ್ಕಗಳಲ್ಲಿ ಶಾರ್ಕ್ ಮೀನಿನಂಥ ಹಲ್ಲುಗಳ ಚಿತ್ರ ಬೇರೆ. ಆಟಿಕೆಯಂತೆ ತೋರಿದರೂ ಅದು ಕೆಲಸ ಮಾಡುತ್ತಿತ್ತು. ತಂಪು ಗಾಳಿ ಬಿಸಿ ಗಾಳಿಗಿಂತ ಸಾಂದ್ರ. ಅಷ್ಟೇ ಗಾತ್ರದಲ್ಲಿ ಪ್ರಾಣವಾಯು ಹೆಚ್ಚು, ಆದುದರಿಂದ ಉರಿಸಬಹುದಾದ ಇಂಧನವೂ ಹೆಚ್ಚು. ಎಂಜಿನ್ನಿನ ಸುತ್ತ ಕುದಿಯುವ ಗಾಳಿಯನ್ನು ಬಿಟ್ಟು ಹೊರಗಿನದನ್ನು ಸೇದಿದರೆ ಲಾಭವಿದ್ದೇ ಇದೆ. ಡೀಮನ್ನಿನಲ್ಲಿ ಇಷ್ಟಕ್ಕೂ ತೃಪ್ತಿಯಿಲ್ಲದೆ, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸಲು ಪ್ರಯಾಣಿಕರ ಹವಾನಿಯಂತ್ರಣದ ತಂಪನ್ನೇ ತಿರುಗಿಸಿಕೊಳ್ಳುವ ಏರ್ಪಾಡು ಮಾಡಿದರು. ಕುಳಿತವರು ಬೆವರಲಿ, ಯಂತ್ರಕ್ಕೆ ಸೆಕೆಯಾಗಬಾರದು!

ಇನ್ನು ಬಾನೆಟ್ಟಿನ ದ್ರವ್ಯದ ವಿಚಾರ. ಹೊಸ ಕಾರು ತನ್ನ ಅಣ್ಣನಾದ ‘ಹೆಲ್‌ಕ್ಯಾಟ್’ಗಿಂತ 200 ಪೌಂಡಿಗೂ ಮಿಕ್ಕಿ ಹಗುರವೆಂಬ ವರ್ತಮಾನ ಬಂದಾಗ, ಬಾನೆಟ್ ಕಾರ್ಬನ್ ನಾರಿನದೇ ಇರಬೇಕೆಂಬ ತರ್ಕ ಹುಟ್ಟುವುದು ಸಹಜ. ಕಾರ್ಬನ್ ನಾರನ್ನು ಬಟ್ಟೆಯಂತೆ ನೇಯ್ದು, ರಾಳದಲ್ಲಿ ತೋಯಿಸಿ, ಅಚ್ಚಿನಲ್ಲಿಟ್ಟು ಕಾಯಿಸಿ ಗಟ್ಟಿಮಾಡುತ್ತಾರೆ. ಹಗುರ ನಿಜ; ಆದರೆ ಬೆಲೆ ಹೆಚ್ಚು, ತಯಾರಿಕೆ ನಿಧಾನ, ಪೆಟ್ಟು ಬಿದ್ದರೆ ತಗಡಿನಂತೆ ತಗ್ಗದೆ ಬಿರಿಯುತ್ತದೆ. ತಕ್ಕ ಲೇಪವಿಲ್ಲದಿದ್ದರೆ ಬಿಸಿಲಿಗೆ ಮೇಲಿನ ರಾಳ ಹಳದಿಗಟ್ಟುತ್ತದೆ. ಅಲ್ಯೂಮಿನಿಯಮ್ಮಿನ ತೂಕ ಉಕ್ಕಿನ ಮೂರನೆಯ ಒಂದು ಪಾಲು. ಬಿಗುವೂ ಅಷ್ಟೇ ಕಡಿಮೆಯಾದ್ದರಿಂದ ತಗಡು ದಪ್ಪವಿರಬೇಕು. ಕಡೆಗೆ ಉಳಿತಾಯ ಸುಮಾರು ಅರ್ಧದಷ್ಟು. ಕಾರ್ಬನ್ನಿಗೆ ಮುಂಚೆ ಗಾಜಿನ ನಾರಿನ ಕಾಲವೂ ಇತ್ತು. 1969ರ ರೋಡ್ ರನ್ನರಿನ ಒಂದು ಮಾದರಿಯಲ್ಲಿ ಬಾನೆಟ್ಟಿಗೆ ಕೀಲುಗಳೇ ಇರಲಿಲ್ಲ. ನಾಲ್ಕು ಮೊಳೆಗಳನ್ನು ಕಳಚಿ, ಮದುವೆ ಮನೆಯ ಕೊಪ್ಪರಿಗೆಯ ಮುಚ್ಚಳದಂತೆ ಇಬ್ಬರು ಹಿಡಿದು ಇಳಿಸಬೇಕಾಗಿತ್ತು.

ಡೀಮನ್ ಬಂದಾಗ ಬಾನೆಟ್ ಅಲ್ಯೂಮಿನಿಯಮ್ಮಿನದು. ಹಾಗಾದರೆ ತೂಕ ಇಳಿದದ್ದೆಲ್ಲಿ? ಅರ್ಧಕ್ಕೂ ಹೆಚ್ಚು ಸೀಟುಗಳಲ್ಲಿ! ಚಾಲಕನದೊಂದನ್ನುಳಿಸಿ ಮುಂದಿನ ಪಕ್ಕದ ಸೀಟನ್ನೂ ಹಿಂದಿನದನ್ನೂ ಕಿತ್ತು 113 ಪೌಂಡು ಮಿಗಿಸಿದ್ದರು. ಬೇಕೆಂದವರಿಗೆ ತಲಾ ಒಂದು ಡಾಲರಿಗೆ ಮರಳಿ ಕೊಡುತ್ತಿದ್ದರು. ಮನೆಮಂದಿಯನ್ನು ಕೆಳಗಿಳಿಸಿ ಹಗುರವಾದ ವಾಹನಕ್ಕೆ ಕುಟುಂಬವಂತರಾದ ನಾವು ಏನು ಹೇಳೋಣ?

ಇಂಥ ಚರ್ಚೆಗಳಲ್ಲಿ ಅಪರೂಪವಾಗಿ ಕೇಳಿಬರುವ ಸಂಗತಿಯೊಂದಿದೆ. ಡಿಕ್ಕಿಯಾದಾಗ ದಾರಿಹೋಕನ ತಲೆ ಬಡಿಯುವುದು ಹಲವು ಸಲ ಈ ಬಾನೆಟ್ಟಿಗೇ. ತಗಡು ತಗ್ಗಿ ಪೆಟ್ಟನ್ನು ನುಂಗಬೇಕಾದರೆ ಅದಕ್ಕೂ ಎಂಜಿನ್ನಿಗೂ ನಡುವೆ ತೆರಪಿರಬೇಕು. ಭಾರಿ ಯಂತ್ರವನ್ನು ಒತ್ತೊತ್ತಾಗಿ ತುಂಬಿದಷ್ಟೂ ಆ ತೆರಪು ಕಡಿಮೆ. ಬಾನೆಟ್ಟಿನ ಉಬ್ಬನ್ನು ಗತ್ತಿನ ಗುರುತೆಂದಷ್ಟೇ ನೋಡುವವರು ಇದನ್ನೂ ಕೇಳಬೇಕೆಂಬುದು ನಮ್ಮ ಅಭಿಮತ.

2024ರಲ್ಲಿ ಡಾಡ್ಜ್ ಪ್ರಕಟಿಸಿದ ವಿದ್ಯುತ್ ‘ಚಾರ್ಜರ್ ಡೇಟೋನಾ’ದ ಬಾನೆಟ್ಟಿನಡಿ ಎಂಜಿನ್ನೇ ಇಲ್ಲ. ಆದರೂ ಮೂತಿಯ ಮೇಲೆ ರೆಕ್ಕೆಯಂಥ ಪಟ್ಟಿಯಿಟ್ಟು, ಅದರ ಕೆಳಗಿನಿಂದ ಗಾಳಿ ನುಗ್ಗಿ ಬಾನೆಟ್ಟಿನ ಮೇಲೆ ಹರಿಯುವಂತೆ ಮಾಡಿದ್ದಾರೆ. ಗಾಳಿ ಈಗ ಯಂತ್ರಕ್ಕೆ ಉಸಿರಾಗಿ ಹೋಗುವುದಿಲ್ಲ. ಕಾರಿನ ಮೂತಿಯನ್ನು ನೆಲಕ್ಕೊತ್ತಲು ನೆರವಾಗುತ್ತದೆ. ಮುಚ್ಚಳವೆತ್ತಿದರೆ ಸಿಗುವುದು ಪುಟ್ಟದೊಂದು ಸಾಮಾನಿನ ಪೆಟ್ಟಿಗೆ.