ಪೆಟ್ಟಿಗೆಯೊಳಗಿನ ಸೀರೆಗೆ ವಯಸ್ಸೆಷ್ಟು?

"ನಮ್ಮ ಮುತ್ತಜ್ಜಿಯ ಸೀರೆ, ನರಗುಂದ ಬಂಡಾಯದ ಕಾಲದ್ದು" ಎಂಬ ಮಾತು ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಕೇಳಿಬರುವಂಥದು. ಯಾವ ಬಂಡಾಯ? ಬಾಬಾಸಾಹೇಬರು ಬ್ರಿಟಿಷರ ಮೇಲೆ ಕತ್ತಿ ಹಿರಿದದ್ದು 1858ರಲ್ಲಿ. ಮಲಪ್ರಭೆಯ ನೀರಿನ ಕರದ ವಿರುದ್ಧ ರೈತರು ಎದ್ದು ನಿಂತದ್ದು 1980ರಲ್ಲಿ. ಮನೆಯ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಸೀರೆಯನ್ನೇ ಸಾಕ್ಷಿಗೆ ಕರೆಯೋಣವೆಂದಷ್ಟೇ ನಮ್ಮ ವಿನಂತಿ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹಳೆಯ ಜರಿಸೀರೆಗೆ ಸ್ಟೀಲಿನ ಪಾತ್ರೆ ಕೊಡುವ ವ್ಯಾಪಾರಿ ಓಣಿಗೆ ಬಂದಾಗ, ಕೊಡುತ್ತಿರುವುದೇನೆಂದು ಅರಿಯದೆ ಕೊಟ್ಟ ಮನೆಗಳೆಷ್ಟೋ! ಅಸಲಿ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಬೆಳ್ಳಿಗಾಗಿ ಸೀರೆಯನ್ನು ಸುಟ್ಟರೆ ಕಸೂತಿಯೂ ಹೊಗೆಯಾಗಿ ಹೋಗುತ್ತದೆ.

ಮೊದಲು ಸೆರಗನ್ನು ನೋಡಬೇಕು. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸೀರೆಯನ್ನು ತಿರುವಿ ಆ ಕೂಡಿಕೆಯ ಮೇಲೆ ಬೆರಳಾಡಿಸಿದರೆ ಕೊಂಡಿಗಳ ಸಾಲು ತಾಕುತ್ತದೆ. ಕೆಂಪು ಸೆರಗಿನಲ್ಲಿ ಬಿಳಿಯ ತೋಪು-ತೆನೆಯಿದ್ದು ಈ ಕೊಂಡಿಯೂ ಇದ್ದರೆ ಅದು ಕೈಮಗ್ಗದ ಇಳಕಲ್ಲ ನೇಯ್ಗೆ. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ಬೇರೆಯೇ ಜಾತಿಯದು: ಹತ್ತಿಯದು, ಚೌಕಳಿಯದು, ಎರಡೂ ಮಗ್ಗುಲು ಉಡಬಹುದಾದದ್ದು. ಸವದತ್ತಿಯ ಎಲ್ಲಮ್ಮನಿಗೆ ಅರ್ಪಿಸುತ್ತಿದ್ದುದು ಇದನ್ನೇ.

ಇನ್ನು ವಯಸ್ಸು. ಒಡಲಿನಿಂದ ತಾನಾಗಿ ಬಿಚ್ಚಿಕೊಂಡ ಒಂದೇ ಎಳೆಯನ್ನು ಸುಟ್ಟು ನೋಡಿರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಕರಗಿ ಗಂಟಾದರೆ ಪಾಲಿಯೆಸ್ಟರ್. ಅಲ್ಲಿಗೆ ಮುತ್ತಜ್ಜಿಯ ಕಥೆ ಮುಗಿಯಿತು. ರೇಷ್ಮೆಯಂತೆ ಮಿನುಗಿಯೂ ಕಾಗದದಂತೆ ಉರಿದರೆ ಅದು ಚಮಕ, ಎಂದರೆ ಕೃತಕ ರೇಷ್ಮೆ. ಇಂಗ್ಲೆಂಡಿನಲ್ಲಿ ಅದರ ವಿಧಾನಕ್ಕೆ ಪೇಟೆಂಟ್ ದೊರೆತದ್ದೇ 1892ರಲ್ಲಿ! ಚಮಕದ ಸೀರೆ ಬಾಬಾಸಾಹೇಬರ ಕಾಲದ್ದಾಗಲಾರದು. ಬಣ್ಣವನ್ನಂತೂ ನಂಬಬಾರದು, ರಾಸಾಯನಿಕ ನೀಲಿ 1897ರಿಂದಲೇ ಮಾರುಕಟ್ಟೆಯಲ್ಲಿದೆ, ಬರಿಗಣ್ಣು ಅದನ್ನು ಗಿಡದ ನೀಲಿಯಿಂದ ಬೇರ್ಪಡಿಸದು. ಎಂಟು-ಒಂಬತ್ತು ಗಜದ ಉದ್ದವು ಕಚ್ಚೆ ಹಾಕುತ್ತಿದ್ದವರ ಸೀರೆಯೆಂದು ಸೂಚಿಸುತ್ತದೆಯೇ ಹೊರತು ಇಸವಿಯನ್ನು ಹೇಳುವುದಿಲ್ಲ.

ಜಪಾನಿನ ಹಳೆಯ ಕಿಮೊನೊಗಳನ್ನು ಪರೀಕ್ಷಿಸುವವರು ಒಳಪದರವನ್ನು ತಿರುವಿ ನೋಡುತ್ತಾರೆ; ಕೆಂಪು ರೇಷ್ಮೆಯ ಒಳಪದರ ಕಂಡರೆ ಎರಡನೆಯ ಮಹಾಯುದ್ಧಕ್ಕೆ ಹಿಂದಿನದಿರಬಹುದೆಂದು ಎಣಿಸುತ್ತಾರೆ. ನಮ್ಮ ಕಸೂತಿಗೂ ಹಿಂಬದಿಯೇ ಸಾಕ್ಷಿ. ಎಳೆ ಎಣಿಸಿ ಹಾಕಿದ ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ತೆರನಾಗಿರುತ್ತದೆ, ಗಂಟು ಕಾಣದು. ಕರಿಯ ಚಂದ್ರಕಾಳಿಯ ಮೇಲೆ ಅಂಥ ಗೋಪುರ, ತೇರು, ಆನೆಗಳಿದ್ದರೆ, ತಾಯಂದಿರೇ, ಅದನ್ನು ಯಾವ ಪಾತ್ರೆಗೂ ಕೊಡಬೇಡಿರಿ.

ಅದು ಯಾರ ಮದುವೆಯ ಸೀರೆಯೆಂದು ಬಲ್ಲ ಅಜ್ಜಿ ಮನೆಯಲ್ಲಿರುವಾಗಲೇ ಕೇಳಿ, ಚೀಟಿಯಲ್ಲಿ ಬರೆದು, ಸೀರೆಯೊಡನೆ ಇಡಿರಿ. ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿರಿ. ವರ್ಷಕ್ಕೆರಡು ಸಲ ಮಡಿಕೆ ಬದಲಿಸಿರಿ. ಒಂದೇ ಗೆರೆಯಲ್ಲಿ ಬಹುಕಾಲ ಮಡಿಚಿಟ್ಟ ಜರಿ ಅಲ್ಲಿಯೇ ಹರಿಯುತ್ತದೆ. ಡಾಂಬರು ಗುಳಿಗೆ ಜರಿಗೆ ತಾಗದಿರಲಿ.