ಬಣ್ಣದ ಪೆಟ್ಟಿಗೆಯೂ ವಿಮೆಯ ಪತ್ರವೂ

ಸಂಬಳದಾರನಿಗೆ ವರ್ಷಕ್ಕೆ ಹನ್ನೆರಡು ಒಂದನೆಯ ತಾರೀಖುಗಳು. ಚಿತ್ರಕಾರನಿಗಾದರೋ ಚಿತ್ರ ಮಾರಾಟವಾದ ದಿನವೇ ಒಂದನೆಯ ತಾರೀಖು. ಆ ದಿನವು ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಬರಬಹುದು, ದಸರೆಯ ಹೊತ್ತಿಗೆ ಬರಬಹುದು, ಬಾರದೆಯೂ ಇರಬಹುದು. ಇದನ್ನು ಅರಿತೇ ಆತ ಈ ವೃತ್ತಿಗೆ ಇಳಿದಿರುತ್ತಾನೆ; ಆತನ ಕೈಹಿಡಿದವಳೂ ಕಾಲಕ್ರಮದಲ್ಲಿ ಇದಕ್ಕೆ ಒಗ್ಗಿಕೊಂಡಿರುತ್ತಾಳೆ. ವರಮಾನದ ಈ ಅನಿಶ್ಚಯವನ್ನು ದಿನಸಿ ಅಂಗಡಿಯವನು ಸಹಿಸಿಯಾನು, ಮನೆಯ ಮಾಲೀಕನೂ ಒಂದು ತಿಂಗಳು ಸಹಿಸಿಯಾನು. ರೋಗ ಮಾತ್ರ ಸಹಿಸುವುದಿಲ್ಲ. ಚಿತ್ರ ಮಾರಾಟವಾಗಲೆಂದು ಕಾದು ಕುಳಿತುಕೊಳ್ಳುವ ಜಾತಿಯಲ್ಲ ಅದು.

ಮೈಸೂರಿನ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಅಂಥ ಮನೆ ಧಾರವಾಡದಲ್ಲೂ ಇದೆ, ಮಂಗಳೂರಿನಲ್ಲೂ ಇದೆ. ಮನೆಯ ಯಜಮಾನನಿಗೆ ನಾಲ್ವತ್ತನಾಲ್ಕು ವರ್ಷ. ಪುಸ್ತಕಗಳಿಗೆ ಮುಖಚಿತ್ರ ಬರೆಯುತ್ತಾನೆ, ಹೇಳಿದವರಿಗೆ ಭಾವಚಿತ್ರ ಬರೆದುಕೊಡುತ್ತಾನೆ, ಸಂಜೆ ಮಕ್ಕಳಿಗೆ ಪಾಠ ಹೇಳುತ್ತಾನೆ. ಹೆಂಡತಿ, ಇಬ್ಬರು ಮಕ್ಕಳು, ವೃದ್ಧೆ ತಾಯಿ. ಒಂದು ಸಂಜೆ ಆತನ ಜೊತೆಗಾರನೊಬ್ಬ ಎದೆನೋವಿನಿಂದ ಆಸ್ಪತ್ರೆ ಸೇರಿದ. ಪ್ರಾಣವೇನೋ ಉಳಿಯಿತು, ಕಟ್ಟದೆ ಇಟ್ಟುಕೊಂಡಿದ್ದ ನಿವೇಶನ ಉಳಿಯಲಿಲ್ಲ. ಸ್ನೇಹಿತರು ಚಂದಾ ಎತ್ತಿದರು. ಐದು ಸಾವಿರ ಕೊಟ್ಟು ಹಿಂತಿರುಗುವಾಗ ಹೆಂಡತಿ ಹೇಳಿದಳು: “ಅವರಿಗೆ ನಾವು ಕೊಟ್ಟೆವು, ಸರಿ. ನಾಳೆ ನಮಗೇ ಬಂದರೆ ಯಾರ ಮುಂದೆ ಕೈ ನೀಡುವುದು, ಅಂದ್ರೆ?”

“ವಿಮೆಯೆಲ್ಲ ನೌಕರಿಯಲ್ಲಿರುವವರ ಮಾತು” ಎಂದ ಆತ.

ಈ ಉತ್ತರ ತೀರ ಅಜ್ಞಾನದ್ದೂ ಅಲ್ಲ. ೧೯೪೮ರ ಕಾಯಿದೆಯಿಂದ ಹುಟ್ಟಿ, ೧೯೫೨ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾದ ಇ.ಎಸ್.ಐ. ಯೋಜನೆಯಲ್ಲಿ ಕಾರ್ಮಿಕನದೊಂದು ಪಾಲು, ಧಣಿಯದೊಂದು ಪಾಲು. ಧಣಿಯೇ ಇಲ್ಲದವನಿಗೆ ಅಲ್ಲಿ ಸ್ಥಳವಿಲ್ಲ. ದೊಡ್ಡ ಕಂಪೆನಿಗಳು ತಮ್ಮ ನೌಕರರಿಗೆ ಒಟ್ಟಾಗಿ ವಿಮೆ ಮಾಡಿಸುತ್ತವೆ. ಚಿತ್ರಕಾರನ ಕಂಪೆನಿಯಲ್ಲಿ ಇರುವವನು ಆತನೊಬ್ಬನೇ. ಸಾಮಾನ್ಯ ಗೃಹಸ್ಥನು ತಾನೇ ಹೋಗಿ ಕೊಳ್ಳಬಹುದಾದ ವೈದ್ಯಕೀಯ ವಿಮೆಯು, ‘ಮೆಡಿಕ್ಲೇಮ್’ ಎಂಬ ಹೆಸರಿನಿಂದ, ಈ ದೇಶದಲ್ಲಿ ಪ್ರಚಾರಕ್ಕೆ ಬಂದದ್ದು ೧೯೮೬ರಲ್ಲಿ. ಆದರೆ ಬಂದು ಇಷ್ಟು ಕಾಲವಾದರೂ ಕಲಾವಿದರ ಮನೆಗಳಲ್ಲಿ ಅನೇಕರಿಗೆ ಅದು ಪರರ ವಸ್ತುವಾಗಿಯೇ ಉಳಿದಿದೆ.

ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹೆಂಡತಿಯ ತಮ್ಮ ಭಾನುವಾರ ಊಟಕ್ಕೆ ಬಂದಾಗ ಮಾತು ಮುಂದುವರಿಯಿತು. “ಭಾವ, ಮೊದಲು ಮನೆಯಲ್ಲಿರುವ ಪಡಿತರ ಚೀಟಿಯನ್ನು ನೋಡಿ” ಎಂದ ಆತ. ಮಾತು ಯಥಾರ್ಥವಾದುದು. ೨೦೧೮ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಗಳು ಒಂದುಗೂಡಿದಾಗ, ಬಿ.ಪಿ.ಎಲ್. ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯೂ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿಯಾದ ಚಿಕಿತ್ಸಾದರದಲ್ಲಿ ಶೇಕಡಾ ೩೦ ಭಾಗವು, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ, ದೊರೆಯುವ ಏರ್ಪಾಡೂ ಆಯಿತು. ತುರ್ತು ಸಂದರ್ಭಗಳನ್ನು ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ಶಿಫಾರಸಿನ ಮೂಲಕವೇ ಖಾಸಗಿ ಆಸ್ಪತ್ರೆಗೆ ಹೋಗತಕ್ಕದ್ದು. ಮಧ್ಯಮ ವರ್ಗದ ಚಿತ್ರಕಾರನಿಗೆ ಇದು ಪೂರ್ಣ ಆಸರೆಯಲ್ಲ. ಆದರೆ ಇಲ್ಲವೆನ್ನುವಂತೆಯೂ ಇಲ್ಲ.

ಎರಡನೆಯ ದಾರಿ ಸಹಕಾರ ಸಂಘದ್ದು. ೨೦೦೩ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ೨೦೧೮ರಲ್ಲಿ ಇತರ ಯೋಜನೆಗಳೊಡನೆ ವಿಲೀನವಾಗಿ, ೨೦೨೨ರಲ್ಲಿ ಮರಳಿ ಜೀವ ತಳೆಯಿತು. ಸಹಕಾರ ಸಂಘಗಳ ಸದಸ್ಯರಿಗೆಂದೇ ಇರುವ ಯೋಜನೆ ಇದು. ಮರುಜೀವ ಪಡೆದಾಗ ನಗರದ ಸಂಘಗಳ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ೧,೦೦೦ ರೂಪಾಯಿಯ ವಂತಿಗೆ ನಿಗದಿಯಾಗಿತ್ತು. ಬಡಾವಣೆಯ ಪತ್ತಿನ ಸಹಕಾರ ಸಂಘದಲ್ಲಿ ಷೇರು ಇಟ್ಟುಕೊಂಡಿರುವ ಕಲಾವಿದರು ಎಷ್ಟೋ ಮಂದಿ. ಆ ಷೇರಿನೊಳಗೆ ಆಸ್ಪತ್ರೆಯ ಬಾಗಿಲೂ ಒಂದಿರಬಹುದೆಂದು ಅವರಲ್ಲಿ ವಿಚಾರಿಸಿದವರು ಕಡಿಮೆ. ನೋಂದಣಿ ವರ್ಷದ ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ಸಂಘದ ಕಾರ್ಯದರ್ಶಿಯನ್ನು ಮೊದಲೇ ಕಂಡಿರುವುದು ವಿವೇಕ.

ಮೂರನೆಯದು ಸ್ವಂತ ಪಾಲಿಸಿ. ನೂರಾರು ಹೆಸರುಗಳ ಆ ಸಂತೆಯಲ್ಲಿ ಗೃಹಸ್ಥನು ಕಂಗೆಡುವುದು ಸಹಜ. ಅಂಥವನಿಗೆ ಅಳತೆಗೋಲಾಗಿ ೨೦೨೦ರ ಏಪ್ರಿಲ್ ೧ರಿಂದ ‘ಆರೋಗ್ಯ ಸಂಜೀವಿನಿ’ ಎಂಬ ಒಂದೇ ಬಗೆಯ ಪಾಲಿಸಿಯನ್ನು ಎಲ್ಲ ಕಂಪೆನಿಗಳೂ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಟ್ಟುಮಾಡಿತು. ಷರತ್ತುಗಳು ಎಲ್ಲೆಡೆ ಒಂದೇ. ಕಂತಿನ ಹಣ ಮಾತ್ರ ಬೇರೆ ಬೇರೆ. ಇದನ್ನು ಒಮ್ಮೆ ಓದಿ ಅರ್ಥಮಾಡಿಕೊಂಡವನು ಉಳಿದ ಪಾಲಿಸಿಗಳನ್ನು ಇದರ ಪಕ್ಕದಲ್ಲಿಟ್ಟು ತೂಗಬಲ್ಲ.

ಓದಬೇಕಾದುದು ದೊಡ್ಡ ಅಕ್ಷರವನ್ನಲ್ಲ, ಸಣ್ಣ ಅಕ್ಷರವನ್ನು. ಒಂದು ಉದಾಹರಣೆ ಸಾಕು. ಈ ಪಾಲಿಸಿಯಲ್ಲಿ ಕೊಠಡಿಯ ಬಾಡಿಗೆ ವಿಮಾ ಮೊತ್ತದ ಶೇಕಡಾ ೨ನ್ನು ಮೀರಬಾರದು. ಎಷ್ಟಾದರೂ ದಿನಕ್ಕೆ ೫,೦೦೦ಕ್ಕೆ ಮಿತಿ. ಮೂರು ಲಕ್ಷದ ಪಾಲಿಸಿಯವನು ೮,೦೦೦ದ ಕೊಠಡಿ ಹಿಡಿದನೆನ್ನಿ. ಹೆಚ್ಚಿನ ಮೂರು ಸಾವಿರವನ್ನು ತಾನು ಕೊಟ್ಟರಾಯಿತೆಂದು ಅವನ ಎಣಿಕೆ. ಹಾಗಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕ ಮೊದಲಾದುವೂ ಎಂಟಕ್ಕೆ ಐದರಂತೆ ಕುಗ್ಗುತ್ತವೆ. ಅವು ಒಂದು ಲಕ್ಷವಾಗಿದ್ದರೆ ಲೆಕ್ಕಕ್ಕೆ ಬರುವುದು ೬೨,೫೦೦. ಪ್ರತಿ ಬಿಲ್ಲಿನಲ್ಲೂ ಶೇಕಡಾ ೫ನ್ನು ವಿಮೆ ಮಾಡಿಸಿದವನೇ ಹೊರಬೇಕಾದ್ದರಿಂದ ಕೈಗೆ ಬರುವುದು ೫೯,೩೭೫. ಉಳಿದ ನಾಲ್ವತ್ತು ಸಾವಿರದ ಆರುನೂರ ಇಪ್ಪತ್ತೈದು ರೂಪಾಯಿ ಮನೆಯ ಗಂಟಿನಿಂದಲೇ ಹೋಗತಕ್ಕದ್ದು. ಔಷಧಿ, ಪರೀಕ್ಷೆಗಳಿಗೆ ಈ ಕುಗ್ಗುವಿಕೆ ಇಲ್ಲವೆಂಬುದಷ್ಟೇ ಸಮಾಧಾನ. ಕಿಟಕಿಯಿಂದ ತೋಟ ಕಾಣುವ ಕೊಠಡಿಯ ಬೆಲೆಯನ್ನು ಹೀಗೆ ಕೂಡಿ ನೋಡಬೇಕು.

ಕುಟುಂಬಕ್ಕೆಲ್ಲ ಒಂದೇ ಪಾಲಿಸಿ ಮಾಡಿಸಿದಾಗ ಕಂತು ಸಾಮಾನ್ಯವಾಗಿ ಹಿರಿಯರ ವಯಸ್ಸನ್ನು ಅನುಸರಿಸುತ್ತದೆ. ಆದುದರಿಂದ ವೃದ್ಧೆ ತಾಯಿಗೆ ಬೇರೆ ಪಾಲಿಸಿ, ದಂಪತಿಗಳಿಗೂ ಮಕ್ಕಳಿಗೂ ಸೇರಿ ಒಂದು ಪಾಲಿಸಿ ಎಂಬುದು ಮೈದುನನ ಸಲಹೆ. ಅರವತ್ತೈದು ದಾಟಿದವರಿಗೆ ಹೊಸ ಪಾಲಿಸಿಯೇ ಸಿಗದೆಂಬ ಭಯವನ್ನು ೨೦೨೪ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮಗಳು ಕಡಮೆ ಮಾಡಿವೆ. ಈಗ ಎಲ್ಲ ವಯಸ್ಸಿನವರಿಗೂ ಪಾಲಿಸಿಗಳನ್ನು ರೂಪಿಸಬೇಕಾಗಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಇಂಥ ಖಾಸಗಿ ಪಾಲಿಸಿಗಳ ಕಂತಿನ ಮೇಲಿದ್ದ ಶೇಕಡಾ ೧೮ರ ಜಿ.ಎಸ್.ಟಿ.ಯೂ ಇಲ್ಲವಾಯಿತು. ೨೦,೦೦೦ದ ಕಂತಿಗೆ ಹಿಂದೆ ೩,೬೦೦ ತೆರಿಗೆ ಸೇರುತ್ತಿತ್ತು. ಒಂದು ವರ್ಷದ ಬಣ್ಣ ಕುಂಚಗಳಿಗೆ ಸಣ್ಣ ಮೊತ್ತವೇನಲ್ಲ ಅದು.

ಮಾರನೆಯ ವಾರ ಏಜೆಂಟರು ಅರ್ಜಿಯೊಡನೆ ಬಂದರು. ಹೆಸರು, ವಯಸ್ಸು, ವೃತ್ತಿ ಎಲ್ಲವನ್ನೂ ಚಿತ್ರಕಾರ ಮುದ್ದಾದ ಅಕ್ಷರಗಳಲ್ಲಿ ತುಂಬಿದ. ‘ಈಗಾಗಲೇ ಇರುವ ಕಾಯಿಲೆಗಳು’ ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ಎಂಟು ತಿಂಗಳಿಂದ ಆತ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದ.

“ಅದನ್ನೇಕೆ ಬರೆಯುತ್ತೀರಿ, ಸಾರ್?” ಎಂದರು ಏಜೆಂಟರು. “ಬರೆದರೆ ಕಂತು ಏರುತ್ತದೆ. ಒಂದು ಮಾತ್ರೆ, ಅಷ್ಟೇ ತಾನೆ?”

ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಬಂದಿಲ್ಲ! ಹೇಳುವವನಿಗೆ ಅದರಿಂದ ನಷ್ಟವಿಲ್ಲ, ಕೇಳುವವನಿಗೆ ಆ ಕ್ಷಣಕ್ಕೆ ಲಾಭ. ನಷ್ಟ ಕಾಣಿಸಿಕೊಳ್ಳುವುದು ಆಸ್ಪತ್ರೆಯ ಹಾಸಿಗೆಯ ಮೇಲೆ, ಹಳೆಯ ಔಷಧಿ ಚೀಟಿ ಕಂಪೆನಿಯ ಕೈಗೆ ಸಿಕ್ಕಿದ ದಿನ. ಚಿತ್ರಕಾರ ಹೆಂಡತಿಯ ಮುಖ ನೋಡಿದ. ಆಕೆ ತಮ್ಮನ ಕಡೆಗೆ ತಿರುಗಿ, “ಬರೆದರೆ ಏನಾಗುತ್ತದೆ, ಬರೆಯದಿದ್ದರೆ ಏನಾಗುತ್ತದೆ, ಎರಡನ್ನೂ ಸರಿಯಾಗಿ ಹೇಳಪ್ಪ” ಎಂದಳು.

ಆತ ಹೇಳಿದ. ಮುಚ್ಚುಮರೆಯಿಲ್ಲದೆ ಬರೆದ ಕಾಯಿಲೆಗೆ ಸಂಬಂಧಿಸಿದ ಚಿಕಿತ್ಸೆಗೆ ಕಾಯಬೇಕಾದ ಅವಧಿ ಹಿಂದೆ ನಾಲ್ಕು ವರ್ಷದವರೆಗೂ ಇದ್ದಿತು. ೨೦೨೪ರಿಂದ ಅದು ಮೂರು ವರ್ಷವನ್ನು ಮೀರುವಂತಿಲ್ಲ. ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ ಮೂವತ್ತು ದಿನ ಕಳೆಯಬೇಕು. ಕೆಲವು ಹೆಸರಿಸಿದ ಕಾಯಿಲೆಗಳಿಗೆ ಇನ್ನೂ ಹೆಚ್ಚು. ಅಪಘಾತಕ್ಕೆ ಆ ಮೂವತ್ತು ದಿನವೂ ಇಲ್ಲ. ಬರೆಯದೆ ಬಿಟ್ಟರೆ? ಪಾಲಿಸಿ ಎಡೆಬಿಡದೆ ಐದು ವರ್ಷ ನಡೆದ ಮೇಲೆ ‘ನೀವು ಇದನ್ನು ಹೇಳಲಿಲ್ಲ’ವೆಂದು ಕಂಪೆನಿ ತಕರಾರು ತೆಗೆಯುವಂತಿಲ್ಲ, ಅಲ್ಲಿಯವರೆಗೆ ತೆಗೆಯಬಹುದು. ಬೇಕೆಂದೇ ಮಾಡಿದ ವಂಚನೆಯೆಂದು ಸಿದ್ಧಪಟ್ಟರೆ ಐದು ವರ್ಷದ ರಕ್ಷಣೆಯೂ ಇಲ್ಲ.

“ಹಾಗಾದರೆ ನಿಜ ಬರೆದರೆ ಮೂರು ವರ್ಷ ಕಾಯುವುದು, ಸುಳ್ಳು ಬರೆದರೆ ಐದು ವರ್ಷ ಹೆದರುವುದು” ಎಂದಳಾಕೆ. “ನಿಜವನ್ನೇ ಬರೆಯಿರಿ.”

ಏಜೆಂಟರು ನಕ್ಕರು. ಚಿತ್ರಕಾರ ಬರೆದ.

ಕಂತು ಏರಿತೆಂಬುದು ನಿಜ. ಅದನ್ನು ತೆರುವ ಬಗೆಯನ್ನೂ ದಂಪತಿಗಳು ಯೋಚಿಸಬೇಕಾಯಿತು. ತಿಂಗಳಿಗೊಮ್ಮೆ ತೆರುವ ಸೌಲಭ್ಯವೇನೋ ಉಂಟು. ಆದರೆ ಅದರಲ್ಲಿ ತಪ್ಪಿದ ಕಂತಿಗೆ ಹದಿನೈದು ದಿನಗಳ ಸಾವಕಾಶ ಮಾತ್ರ, ವಾರ್ಷಿಕ ಕಂತಿಗಾದರೆ ಮೂವತ್ತು ದಿನ. ತಿಂಗಳ ವರಮಾನವೇ ನೆಚ್ಚಲಾಗದವನು ವರ್ಷಕ್ಕೆ ಹನ್ನೆರಡು ಗಡುವುಗಳನ್ನು ಕಟ್ಟಿಕೊಳ್ಳುವುದು ಜಾಣತನವಲ್ಲ. ಚಿತ್ರಸಂತೆಯ ಹಣ ಕೈಗೆ ಬಂದ ಕೂಡಲೇ, ಅದು ಹೊಸ ಕ್ಯಾನ್ವಾಸಾಗಿ ಮಾರ್ಪಡುವ ಮುನ್ನ, ಇಡೀ ವರ್ಷದ ಕಂತನ್ನು ಕಟ್ಟಿಬಿಡುವುದೆಂದು ಮನೆಯೊಡತಿ ತೀರ್ಮಾನಿಸಿದಳು. ಪತ್ರ ಕೈಸೇರಿದ ಮೇಲೂ ಓದಿ ನೋಡಿ, ಒಪ್ಪದಿದ್ದರೆ ಹಿಂತಿರುಗಿಸಲು ಮೂವತ್ತು ದಿನಗಳುಂಟು. ಕಂಪೆನಿ ಅನ್ಯಾಯ ಮಾಡಿತೆನಿಸಿದರೆ ಮೊದಲು ಅಲ್ಲಿಗೇ ದೂರು ಬರೆಯಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿಮಾ ಒಂಬುಡ್ಸ್‌ಮನ್ನರ ಕಛೇರಿ ಬೆಂಗಳೂರಿನಲ್ಲಿದೆ. ಅಲ್ಲಿಗೆ ಶುಲ್ಕವೂ ಬೇಡ, ವಕೀಲರೂ ಬೇಡ.

ಇಷ್ಟಾದರೂ ವಿಮೆ ಎಲ್ಲಕ್ಕೂ ಮದ್ದಲ್ಲ. ಅದು ಆಸ್ಪತ್ರೆಯ ಬಿಲ್ಲನ್ನು ನೋಡಿಕೊಳ್ಳುತ್ತದೆ. ಮಣಿಕಟ್ಟು ಮುರಿದು ಮೂರು ತಿಂಗಳು ಕುಂಚ ಹಿಡಿಯಲಾಗದವನ ಮನೆಯ ಅಕ್ಕಿಯನ್ನು ನೋಡಿಕೊಳ್ಳುವುದಿಲ್ಲ. ಅದಕ್ಕೆ ಅಪಘಾತ ವಿಮೆ ಬೇರೆ ಬೇಕು. ೨೦೧೫ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ೨೦೨೨ರ ಜೂನ್‌ನಿಂದ ವರ್ಷಕ್ಕೆ ೨೦ ರೂಪಾಯಿ. ಅಪಘಾತದಲ್ಲಿ ಒಂದು ಕಣ್ಣಾಗಲಿ ಒಂದು ಕೈಯಾಗಲಿ ಶಾಶ್ವತವಾಗಿ ಹೋದರೆ ಒಂದು ಲಕ್ಷ ರೂಪಾಯಿ, ಎರಡೂ ಹೋದರೆ ಎರಡು ಲಕ್ಷ. ಚಿತ್ರಕಾರನ ಬಲಗೈಗೆ ಒಂದು ಲಕ್ಷ ಸಾಟಿಯೇ ಎಂದು ಕೇಳಬಹುದು. ಅಲ್ಲ. ಆದರೆ ಇಪ್ಪತ್ತು ರೂಪಾಯಿಯನ್ನು ಉಳಿಸಿದ್ದರಿಂದ ಕೈ ಮರಳಿ ಬರುವುದೂ ಇಲ್ಲ.

ಈ ಭಾರವನ್ನೆಲ್ಲ ಕಲಾವಿದನೊಬ್ಬನೇ ಹೊರಬೇಕೆಂಬುದು ದೈವನಿಯಮವೇನಲ್ಲ. ಕಸುಬುಗಳು ತರುವ ಕಾಯಿಲೆಗಳ ಮೇಲೆ ಇಟಲಿಯ ವೈದ್ಯ ರಾಮಜ್ಜೀನಿಯು ೧೭೦೦ರಲ್ಲಿ ಗ್ರಂಥ ಬರೆದಾಗ ಚಿತ್ರಕಾರರನ್ನೂ ಅವರ ವಿಷಪೂರಿತ ಬಣ್ಣಗಳನ್ನೂ ಮರೆಯಲಿಲ್ಲ. ಜರ್ಮನಿಯಲ್ಲಿ ೧೯೮೧ರಲ್ಲಿ ಆದ ಶಾಸನದ ಮೇರೆಗೆ, ೧೯೮೩ರಿಂದ, ಸ್ವತಂತ್ರ ಕಲಾವಿದರೂ ಲೇಖಕರೂ ತಮ್ಮ ಆರೋಗ್ಯ ಮತ್ತು ವೃದ್ಧಾಪ್ಯ ವಿಮೆಯ ವಂತಿಗೆಯಲ್ಲಿ ಅರ್ಧವನ್ನಷ್ಟೇ ತೆರುತ್ತಾರೆ. ಉಳಿದರ್ಧದಲ್ಲಿ ಒಂದು ಭಾಗ ಸರ್ಕಾರದ್ದು, ಇನ್ನೊಂದು ಭಾಗ ಕಲೆಯನ್ನು ಬಳಸಿ ವ್ಯಾಪಾರ ನಡೆಸುವ ಪ್ರಕಾಶಕರೇ ಮೊದಲಾದ ಸಂಸ್ಥೆಗಳದ್ದು. ಧಣಿಯಿಲ್ಲದವನಿಗೆ ಅವನ ಕಲೆಯಿಂದ ಲಾಭ ಪಡೆದವರೆಲ್ಲ ಸೇರಿ ಧಣಿಗಳಾಗಬೇಕೆಂಬ ತತ್ತ್ವ ಅದು. ನಮ್ಮಲ್ಲಿ ಅಂಥ ಶಾಸನವಿಲ್ಲ. ಕಲಾವಿದರ ಸಂಘಗಳು ಸದಸ್ಯರಿಗಾಗಿ ಸಾಮೂಹಿಕ ಪಾಲಿಸಿ ಮಾಡಿಸಲು ಮಾತ್ರ ಅಡ್ಡಿಯಿಲ್ಲ; ವಿಮೆಗಾಗಿಯೇ ಹುಟ್ಟಿಕೊಂಡ ಗುಂಪಾಗಿರಬಾರದು, ಅಷ್ಟೆ. ವಾರ್ಷಿಕೋತ್ಸವದ ಹಾರತುರಾಯಿಗಳ ನಡುವೆ ಈ ವಿಷಯವನ್ನೂ ಒಮ್ಮೆ ಸಭೆಯ ಮುಂದಿಟ್ಟರೆ ಸಂಘಗಳ ಹಿರಿಮೆಗೆ ಕುಂದಾಗದು.

ಪಾಲಿಸಿಯ ಪತ್ರ ಅಂಚೆಯಲ್ಲಿ ಬಂದ ದಿನ ಚಿತ್ರಕಾರ ಅದನ್ನು ಬಣ್ಣದ ಪೆಟ್ಟಿಗೆಯೊಳಗೆ ಇಡಹೋದ. “ಅಲ್ಲಿ ಬೇಡಿ, ಎಣ್ಣೆ ತಾಗುತ್ತದೆ” ಎಂದು ಹೆಂಡತಿ ಅದನ್ನು ತೆಗೆದುಕೊಂಡು, ಮೇಲೆ ಆಸ್ಪತ್ರೆಗಳ ಪಟ್ಟಿಯನ್ನೂ ತಮ್ಮನ ದೂರವಾಣಿ ಸಂಖ್ಯೆಯನ್ನೂ ಬರೆದು, ಮಗಳನ್ನು ಕರೆದು, ಬೀರುವಿನ ಯಾವ ಅರೆಯಲ್ಲಿದೆಯೆಂದು ತೋರಿಸಿಟ್ಟಳು. ಹಾಸಿಗೆ ಹಿಡಿದವನು ಎದ್ದು ಬಂದು ಪತ್ರ ಹುಡುಕಲಾರನಷ್ಟೆ.