ಪರದೆಯ ಮೇಲೆ ಬಾಗುವ ತೊಲೆ

"ಮಗ ಓದುವುದು ಸಿವಿಲ್ ಇಂಜಿನಿಯರಿಂಗ್. ಆದರೆ ಸದಾ ಕಂಪ್ಯೂಟರ್ ಮುಂದೆ ಬಣ್ಣದ ಚಿತ್ರ ನೋಡುತ್ತ ಕೂತಿರುತ್ತಾನೆ. ಇದೆಂಥ ಕಟ್ಟಡ ವಿದ್ಯೆ?" ಎಂದು ನಮ್ಮ ಹಿರಿಯರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ.

ತೊಲೆ ಎಷ್ಟು ಭಾರ ಹೊತ್ತೀತು, ಎಷ್ಟು ಬಾಗೀತು ಎಂಬ ಲೆಕ್ಕವನ್ನು ಹಿಂದೆ ಕೈಯಲ್ಲೇ ಮಾಡುತ್ತಿದ್ದರು. ಗಣಕಯಂತ್ರ ಬಂದ ಹೊಸದರಲ್ಲಿ ರಂಧ್ರ ಹೊಡೆದ ಕಾರ್ಡುಗಳಲ್ಲಿ ಅಂಕಿಗಳನ್ನು ಕೊಟ್ಟು, ಉತ್ತರವನ್ನು ಕಾಗದದ ಕಂತೆಯಾಗಿ ಪಡೆಯಬೇಕಿತ್ತು. ಆ ರಾಶಿಯಲ್ಲಿ ಒಂದು ತಪ್ಪು ಅಡಗಿ ಕೂತರೆ ಹುಡುಕುವವರಾರು? 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬವರು ತಮ್ಮ ಪ್ರಬಂಧಕ್ಕಾಗಿ 'ಸ್ಕೆಚ್‌ಪ್ಯಾಡ್' ರಚಿಸಿದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಸೇತುವೆಯ ಟ್ರಸ್ ಬರೆದು ಭಾರ ಹೇರಿದರೆ, ಯಾವ ಪಟ್ಟಿಯಲ್ಲಿ ಎಷ್ಟು ಬಲವಿದೆ ಎಂಬುದು ಅಲ್ಲೇ ಅಂಕಿಯಲ್ಲಿ ಕಾಣುತ್ತಿತ್ತು.

ಇಂದು ಸ್ಟ್ಯಾಡ್, ಇಟ್ಯಾಬ್ಸ್ ಮೊದಲಾದ ತಂತ್ರಾಂಶಗಳು ಮಾಡುವುದೂ ಇದನ್ನೇ, ಇನ್ನಷ್ಟು ವಿಸ್ತಾರವಾಗಿ. ಕಣ್ಣಿಗೆ ಕಾಣದಷ್ಟು ಅಲ್ಪ ಬಾಗನ್ನು ನೂರು ಪಟ್ಟು ಹಿಗ್ಗಿಸಿ ತೋರಿಸುತ್ತವೆ. ಒಂದು ತೊಲೆಯ ತುದಿಗೆ ಆಧಾರ ಕೊಡಲು ಹುಡುಗ ಮರೆತಿದ್ದರೆ, ಚಿತ್ರದಲ್ಲಿ ಅದು ಜೋತುಬಿದ್ದು ತಾನೇ ಹೇಳಿಬಿಡುತ್ತದೆ. ಕಂಬ ದಪ್ಪ ಮಾಡಿ ನೋಡಬಹುದು, ತೆಗೆದು ನೋಡಬಹುದು. ಹೀಗೆ ಕಣ್ಣಿನಿಂದ ಕಲಿಯುವುದು ಆಟವಲ್ಲ.

ಆದರೆ ಚಿತ್ರ ತೋರಿಸುವುದು ನಾವು ಹೇಳಿದ್ದನ್ನು, ನೆಲದ ಮೇಲೆ ಇರುವುದನ್ನಲ್ಲ. ಅಮೆರಿಕದ ಹಾರ್ಟ್‌ಫರ್ಡ್ ನಗರದ ಕ್ರೀಡಾಂಗಣದ ಛಾವಣಿ ಉಕ್ಕಿನ ಸರಳುಗಳ ದೊಡ್ಡ ಜಾಲ. ಉದ್ದ 360 ಅಡಿ, ಅಗಲ 300 ಅಡಿ, ನಿಂತದ್ದು ನಾಲ್ಕೇ ಕಂಬಗಳ ಮೇಲೆ. ಲೆಕ್ಕವೆಲ್ಲ ಕಂಪ್ಯೂಟರಿನದು. ಮೇಲಿನ ಸರಳುಗಳಿಗೆ ನಡುವೆ ಬಿಗಿಯಾದ ಆಸರೆಯಿದೆ ಎಂದು ಲೆಕ್ಕದಲ್ಲಿ ಹಿಡಿದಿದ್ದರು. ಕಟ್ಟಿದ ಛಾವಣಿಯಲ್ಲಿ ಅಂಚಿನ ಸರಳುಗಳಿಗೆ ಆ ಆಸರೆ ಸಾಲದಾಗಿತ್ತು. ಛಾವಣಿಯ ಸ್ವಂತ ತೂಕವನ್ನೂ ಕಡಿಮೆ ಹಿಡಿದಿದ್ದರು. ಕಟ್ಟುವಾಗಲೇ ಅಳೆದ ಬಾಗು ಲೆಕ್ಕದ ಎರಡು ಪಟ್ಟು ಬಂತು. ಕೆಲಸಗಾರರು ಕೊಟ್ಟ ಎಚ್ಚರಿಕೆಯಲ್ಲವೇ ಅದು? ಅಷ್ಟು ವ್ಯತ್ಯಾಸ ಸಹಜವೆಂದು ಮುಂದುವರಿಸಿದರು. 1978ರ ಜನವರಿ 18ರ ಬೆಳಗಿನ ಜಾವ ಹಿಮದ ಭಾರಕ್ಕೆ ಛಾವಣಿ ಕುಸಿಯಿತು. ಕೆಲವೇ ಗಂಟೆಗಳ ಹಿಂದೆ ಅದರಡಿ ಸುಮಾರು ಐದು ಸಾವಿರ ಜನ ಬಾಸ್ಕೆಟ್‌ಬಾಲ್ ನೋಡಿ ಎದ್ದು ಹೋಗಿದ್ದರು. ಯಾರಿಗೂ ಪೆಟ್ಟಾಗಲಿಲ್ಲ.

ಆದ್ದರಿಂದ ಮಕ್ಕಳು ಚಿತ್ರ ತೋರಿಸಿದಾಗ, "ಒಂದು ತೊಲೆಯದಾದರೂ ಕೈಲೆಕ್ಕ ಮಾಡಿದ್ದೀಯೇನಪ್ಪ? ಕೆಲಸದ ಜಾಗಕ್ಕೆ ಹೋಗಿದ್ದೆಯಾ?" ಎಂದು ಕೇಳಲು ಹಿರಿಯರು ಸಂಕೋಚಪಡಬಾರದು. ಮನೆ ಕಟ್ಟಿಸುವ ಬಂಧುಗಳಿಗೂ ಒಂದು ಮಾತು. ನಕ್ಷೆಯಾದ ಮೇಲೆ ಮಾಳಿಗೆಯ ಮೇಲೆ ಇನ್ನೊಂದು ನೀರಿನ ಟ್ಯಾಂಕು ಇಡುವ ಮನಸ್ಸಾದರೆ ಮೇಸ್ತ್ರಿಗೆ ಮಾತ್ರ ಹೇಳಿ ಸುಮ್ಮನಾಗಬೇಡಿ, ಇಂಜಿನಿಯರಿಗೂ ತಿಳಿಸಿ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ತೂಕ. ನೀವು ಹೇಳದ ಹೊರತು ಅದು ಅವರ ಪರದೆಯ ಮೇಲೆ ಬರುವುದಿಲ್ಲ.